ಪ್ರಬಂಧದ ಪಾಳಿ

ಶಹಾಪುರದ ಮರಿಲಿಂಗನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಚಹಾ ಆರಿದ್ದರೆ ಸಿಟ್ಟು, ಬಿಸಿ ಇದ್ದರೆ ನಾಲಿಗೆ ಸುಟ್ಟಿತೆಂದು ಸಿಟ್ಟು. ಆದರೆ ಆ ಭಾನುವಾರ ಬೆಳಿಗ್ಗೆ ಬಂದ ಸಿಟ್ಟಿಗೆ ಮಾತ್ರ ಸರಿಯಾದ ಕಾರಣವಿತ್ತು. ಪ್ರಬಂಧಗಳ ಸಂಪುಟವೊಂದನ್ನು ತರುತ್ತಿದ್ದ ವಿಶ್ವರಾಧ್ಯ ಸರ್ ಯಾದಗಿರಿಯಿಂದ ಫೋನು ಮಾಡಿದ್ದರು.

"ಓದಿದ್ನಿಪಾ ನಿನ್ನ ಪ್ರಬಂಧ," ಎಂದರು ಸರ್. "ನಳದ ಮುಂದಿನ ಜಗಳ ಅಂತ ಶುರು ಮಾಡಿದಿ, ಹಾದಿ ತಪ್ಪಿ ನಿಜಾಮನ ಕಾಲದ ಬಾವಿಗೆ ಬಿದ್ದಿ, ಅಲ್ಲಿಂದ ಎದ್ದು ನಿಮ್ಮಜ್ಜನ ಮದುವಿಗೆ ಹೋದಿ, ಕಡಿಗೆ ಎಲ್ಲರೂ ನೀರು ಉಳಿಸಬೇಕು ಅಂತ ಕೈ ಮುಗದಿ. ಇದರಾಗ ನಿನ್ನ ಪ್ರಶ್ನಿ ಯಾವುದು, ಉತ್ತರ ಯಾವುದು?"

"ಸರ, ತಿದ್ದಿ ಬರೀತೀನ್ರಿ. ಇವತ್ತ ಕುಂತು..."

"ಬರೀಬ್ಯಾಡ! ಒಂದಕ್ಷರ ಬರೀಬ್ಯಾಡ. ಮೂರು ಸಲ ಬರದಿ, ಮೂರು ಸಲ ನನ್ನ ತಲಿ ತಿಂದಿ. ಮೊದಲು ನಕ್ಷಿ ಹಾಕು. ಯಾವ ಮಾತು ಮೊದಲು, ಯಾವುದು ಆಮ್ಯಾಲ, ಯಾವ ಮಾತಿಗೆ ಏನು ಸಾಕ್ಷಿ, ಎದುರು ವಾದ ಮಾಡಾವ್ರಿಗೆ ಏನು ಜವಾಬು. ಅಷ್ಟು ತಗೊಂಡು ಸಂಜಿ ಐದಕ್ಕ ನಮ್ಮ ಮನಿಗೆ ಬಾ. ನಕ್ಷಿ ಸರಿ ಇದ್ರ ಬರೀಲಿಕ್ಕ ಒಂದು ವಾರ ಕೊಡ್ತೀನಿ. ಇಲ್ಲಂದ್ರ ನಿನ್ನ ಬಿಟ್ಟು ಸಂಪುಟ ಪ್ರೆಸ್ಸಿಗೆ ಹೋಗ್ತದ."

ಫೋನು ಕಟ್ಟಾದ ಮೇಲೆ ಮರಿಲಿಂಗ ಸರ್‌ಗೆ ಹೇಳಬೇಕಾದದ್ದನ್ನೆಲ್ಲ ಗೋಡೆಗೆ ಹೇಳಿದ. ಸರ್‌ಗೆ ಹೇಳುವ ಹಾಗಿರಲಿಲ್ಲ. ಅವನು ಸುರಪುರದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕ. ಬೇರೆ ಕಡೆ ಅತಿಥಿ ಬಂದರೆ ಮಣೆ ಹಾಕಿ ಕೂರಿಸುತ್ತಾರೆ. ಈ ಅತಿಥಿಯನ್ನು ಮಾತ್ರ ವರ್ಷಕ್ಕೊಮ್ಮೆ ಬಾಗಿಲಾಚೆ ನಿಲ್ಲಿಸಿ, 'ಯಾರಪ್ಪ ನೀನು, ಏನು ಓದಿದೀಯ' ಎಂದು ಮೊದಲಿನಿಂದ ಕೇಳುತ್ತಾರೆ. ಈ ಸಲ ಅಚ್ಚಾದ ಪ್ರಬಂಧ ಒಂದಾದರೂ ಇಲ್ಲದವರನ್ನು ಸಂದರ್ಶನಕ್ಕೂ ಕರೆಯುವುದಿಲ್ಲವಂತೆ. ಅಂದರೆ ಪ್ರಬಂಧವಿಲ್ಲದಿದ್ದರೆ ನೌಕರಿಯಿಲ್ಲ. ನೌಕರಿ ಇಲ್ಲದಿದ್ದರೆ ಹೆಂಡತಿ ಪರಿಮಳಾ ಏನೆನ್ನುತ್ತಾಳೆ ಎಂಬುದನ್ನು ಅವನು ನಕ್ಷೆಯಿಲ್ಲದೆಯೇ ಬರೆದುಬಿಡಬಲ್ಲವನಾಗಿದ್ದ.

ಪರಿಮಳಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಏನಂದ್ರು ನಿಮ್ಮ ಸರ?"

"ಬರಿಯೂಕಿಂತ ಮೊದಲ ನಕ್ಷಿ ಹಾಕಬೇಕಂತ. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಸಬೇಕಂತ!"

"ಹೊಲಸ್ರಿ ಮತ್ತ. ಮೂರು ಕೂಸು ಬರೀ ತಲೀಲೆ ಹೋದವಲ್ಲ," ಎಂದು ಆಕೆ ರೊಟ್ಟಿ ತಿರುವಿ ಹಾಕಿದಳು.

ಮರಿಲಿಂಗನಿಗೆ ಇನ್ನಷ್ಟು ಸಿಟ್ಟು ಬಂತು. ಹಾಳೆ ಹಿಡಿದು ಕೂತ. ಏನೂ ಹೊಳೆಯಲಿಲ್ಲ. ಪಾಪ, ಅವನ ತಲೆ ಓಡುವುದು ಎದ್ದು ನಿಂತು, ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದು, ಎದುರಿಗೆ ಕರಿ ಹಲಗೆ ಇದ್ದಾಗ ಮಾತ್ರ. ಕೂತರೆ ಅದೂ ಕೂತುಬಿಡುತ್ತದೆ. ಎದ್ದು ಪಡಸಾಲೆಯ ಗೋಡೆಯತ್ತ ನೋಡಿದ. ಮೊನ್ನೆಯಷ್ಟೇ ಬಣ್ಣ ಬಳಿಸಿದ ಗೋಡೆ.

"ಗ್ವಾಡಿಗೆ ಕೈ ಹಚ್ಚಿದ್ರ ಕೈ ಮುರೀತೀನಿ ನೋಡ್ರಿ," ಎಂದಿತು ಅಡುಗೆಮನೆ.

ಆಗ ಅವನಿಗೆ ನೆನಪಾದದ್ದು ಓಣಿಯ ಕೊನೆಯ ನಳ. ನಳದ ಹಿಂದೆ ಆಳೆತ್ತರದ ಗೋಡೆ, ಗೋಡೆಗೆ ಹಚ್ಚಿದ ಕರಿಯ ಫರಸಿ ಕಲ್ಲು. ಕಾಲೇಜಿನ ಹಲಗೆಗಿಂತ ನುಣುಪು. ನೀರು ಬರುವುದು ನಾಳೆ. ಆದ್ದರಿಂದ ಇವತ್ತು ಅಲ್ಲಿ ನರಪಿಳ್ಳೆ ಇರುವುದಿಲ್ಲ. ಬರೆಯುವುದೂ ನಳದ ಬಗ್ಗೆಯೇ. ಇದಕ್ಕಿಂತ ಒಳ್ಳೆಯ ಜಾಗ ಯಾವ ವಿಶ್ವವಿದ್ಯಾಲಯದವನಿಗೆ ಸಿಕ್ಕೀತು ಎಂದುಕೊಂಡು ಜೇಬಿನಲ್ಲಿ ಸುಣ್ಣದ ಕಡ್ಡಿ ಇಟ್ಟುಕೊಂಡು ಹೊರಟ.

ಆ ನಳದ ಸಂಗತಿ ಸ್ವಲ್ಪ ಹೇಳಬೇಕು. ಅಲ್ಲಿ ಮನುಷ್ಯರು ಪಾಳಿಯಲ್ಲಿ ನಿಲ್ಲುವುದಿಲ್ಲ, ಕೊಡಗಳು ನಿಲ್ಲುತ್ತವೆ. ಹಿಂದಿನ ದಿನ ಸಂಜೆಯೇ ಕೊಡ ತಂದು ಇಟ್ಟು ಹೋದರೆ ಮುಗಿಯಿತು, ಆ ಕೊಡವೇ ಆ ಹೆಂಗಸು. ಕೊಡ ಇಲ್ಲದಿದ್ದರೆ ಒಂದು ಕಲ್ಲು, ಕಲ್ಲಿಲ್ಲದಿದ್ದರೆ ಹರಕು ಚಪ್ಪಲಿ. ಚಪ್ಪಲಿಯನ್ನು ಒಂದು ಗೇಣು ಹಿಂದೆ ಸರಿಸಿದರೂ ಚಪ್ಪಲಿಯ ಒಡತಿಯನ್ನು ಕೂದಲು ಹಿಡಿದು ಎಳೆದಷ್ಟೇ ಅವಮಾನ. ಆ ಮೇಲೆ ಮೂರು ತಲೆಮಾರಿನ ಲೆಕ್ಕ ಹೊರಬೀಳುತ್ತದೆ.

ಇದನ್ನೇ ಮರಿಲಿಂಗ ಫರಸಿಯ ಮೇಲೆ ಬರೆದ. ನಿಂತದ್ದೇ ತಡ, ತಲೆ ಓಡಿತು. ಮೇಲೆ ಪ್ರಶ್ನೆ: 'ನಳದ ಮುಂದೆ ಜಗಳ ಏಕೆ?' ಅದರ ಕೆಳಗೆ ಉತ್ತರ: 'ನೀರು ಕಡಿಮೆಯಾದದ್ದಕ್ಕಲ್ಲ, ಪಾಳಿ ತಪ್ಪಿದ್ದಕ್ಕೆ.' ಅದರ ಕೆಳಗೆ ಚೌಕಗಳು. ಒಂದೊಂದು ಚೌಕಕ್ಕೆ ಒಂದೊಂದು ಜಗಳ ಸಾಕ್ಷಿ, ಗುರುತಿಗೆ ಜಗಳ ಮಾಡಿದವರ ಹೆಸರು. ಒಂದು, ಗೊಲ್ಲಾಳಮ್ಮ. ಎರಡು, ಹುಸೇನಬೀ. ಮೂರು, ಭೀಮಾಬಾಯಿ. ಕೊನೆಗೆ ಉಪಸಂಹಾರದಲ್ಲಿ ತನ್ನ ಹೆಂಡತಿ ಪರಿಮಳಾ. ಯಾವ ಜಗಳದಿಂದ ಯಾವ ಜಗಳ ಹುಟ್ಟಿತೆಂದು ತೋರಿಸಲು ಚೌಕದಿಂದ ಚೌಕಕ್ಕೆ ಬಾಣ ಎಳೆದ. ದೂರ ಸರಿದು ನೋಡಿದ. ತನ್ನ ಕೈಯೇ ಇಷ್ಟು ಚೆಂದ ವಿಚಾರ ಮಾಡಿತೇ ಎಂದು ಅವನಿಗೇ ಬೆರಗಾಯಿತು. ಫೋಟೋ ತೆಗೆಯೋಣವೆಂದರೆ ಫೋನು ಮನೆಯಲ್ಲಿ ಚಾರ್ಜಿಗಿತ್ತು. ತರಲು ಹೋದ. ಹೋದವನು ರೊಟ್ಟಿ ಕಂಡು ಕೂತ. ಅದೇ ತಪ್ಪಾಯಿತು.

ತಿರುಗಿ ಬರುವಷ್ಟರಲ್ಲಿ ನಳದ ಮುಂದೆ ಕೊಡಗಳು ಸಾಲು ಹಿಡಿದಿದ್ದವು. ಫರಸಿಯ ಮೇಲೆ ಹೇಗಿತ್ತೋ ಹಾಗೆ. ಎಲ್ಲಕ್ಕಿಂತ ಮುಂದೆ ಗೊಲ್ಲಾಳಮ್ಮನ ಹಿತ್ತಾಳೆ ಕೊಡ, ಪಕ್ಕದಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಗೊಲ್ಲಾಳಮ್ಮ. ಆಕೆಯದು ಹಿಟ್ಟಿನ ಗಿರಣಿ. ಗಿರಣಿಯ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ಗಂಟಲು.

"ಬರ್ರಿ ಸರ, ಬರ್ರಿ! ಇಷ್ಟು ದಿನಕ್ಕ ಒಬ್ಬರರ ನ್ಯಾಯ ಮಾಡಿದ್ರಿ ನೋಡ್ರಿ. ನಾ ಮೊದಲೇ ಹೇಳ್ತಿದ್ನಿ, ಈ ಓಣ್ಯಾಗ ಮೊದಲನೇ ಪಾಳಿ ನಂದು ಅಂತ."

"ಯಾವ ಪಾಳಿ?" ಎಂದ ಮರಿಲಿಂಗ.

"ಯಾವ ಪಾಳಿ ಅಂತ ಕೇಳ್ತಾನಲ್ಲ!" ಹಿಂದಿನಿಂದ ಹುಸೇನಬೀ ಬಂದಳು. ಕೌದಿ ಹೊಲಿಯುವ ಮುದುಕಿ. ಸೂಜಿ ಇನ್ನೂ ಸೆರಗಿನಲ್ಲೇ ಸಿಕ್ಕಿಕೊಂಡಿತ್ತು. "ಬೇಟಾ, ನೀ ಸಣ್ಣಾವ ಇದ್ದಾಗ ಈ ಕೈಲೆ ಎತ್ತಿ ಆಡ್ಸೀನಿ. ನನ್ನ ಎರಡನೇ ನಂಬರಕ್ಕ ಹಾಕೀದಿ? ಗಿರಣಿಯಾಕಿ ಮೊದಲು, ನಾ ಆಕಿ ಹಿಂದ? ನಿನಗ ಖುದಾನ ಅಂಜಿಕಿ ಇಲ್ಲೇನು?"

"ಖಾಲಾ, ಇದು ಪಾಳಿ ಅಲ್ಲ. ಇದು ನನ್ನ ಪ್ರಬಂಧ."

"ಪ್ರಬಂಧರ ಇರಲಿ, ಪಂಚಾಯ್ತರ ಇರಲಿ. ಅದರಾಗ ಒಂದು, ಎರಡು ಅಂತ ಅದನೋ ಇಲ್ಲೋ?"

ಭೀಮಾಬಾಯಿ ಅಂಗನವಾಡಿಯಲ್ಲಿ ಸಹಾಯಕಿ. ಓದು ಬಲ್ಲವಳು, ಫರಸಿಯನ್ನು ಮೊದಲು ಓದಿ ಓಣಿಗೆಲ್ಲ ಸಾರಿದವಳೂ ಆಕೆಯೇ. "ಓದಿದ್ನಿರಿ ಸರ, ಪೂರಾ ಓದಿದ್ನಿ. ಪಾಳಿ ತಪ್ಪಿದ್ದಕ್ಕ ಜಗಳ ಆಗ್ತಾವ ಅಂತ ಮ್ಯಾಲ ಬರದೀರಿ. ಕೆಳಗ ಹೊಸ ಪಾಳಿ ಹಚ್ಚೀರಿ. ಸರ್ಕಾರಿ ಕಾಲೇಜಿನವ್ರು ಸುಮ್ಮ ಸುಮ್ಮನ ಬರೀತಾರೇನು? ಮ್ಯಾಲಿಂದ ಆರ್ಡರ್ ಬಂದಿರಬೇಕು ಅಂತ ನಾನ ಎಲ್ಲರಿಗೂ ಹೇಳೀನಿ. ಆದ್ರ ನನಗ್ಯಾಕ ಮೂರು? ನಾ ಏನು ನಿಮ್ಮ ಎಮ್ಮಿ ಬಿಚ್ಚಿದ್ನೇನು?"

ಮರಿಲಿಂಗನ ಮೈಯೆಲ್ಲ ಉರಿಯಿತು. ಬೆಳಗಿನಿಂದ ಒಬ್ಬರಾದರೂ ಅವನ ಮಾತು ಕೇಳಿರಲಿಲ್ಲ. "ಯವ್ವಾ, ಇದು ಬರಿಯೂಕಿಂತ ಮೊದಲು ಹಾಕೋ ನಕ್ಷಿ! ನೀವು ಜಗಳ ಮಾಡಿದ್ರಲ್ಲ, ಆ ಜಗಳ ಪ್ರಬಂಧದಾಗ ಯಾವ ಜಾಗಕ್ಕ ಬರಬೇಕು ಅಂತ ಗುರುತು. ನೋಡ್ರಿ, ಗೊಲ್ಲಾಳಮ್ಮನ ಕೊಡ ಸರಿಸಿದ್ದಕ್ಕ ಮೊದಲನೇ ಜಗಳ ಆತು. ಅದರಿಂದ ಹುಸೇನಬೀ ಖಾಲಾನ ಜಗಳ ಹುಟ್ಟಿತು. ಅದಕ್ಕ ಈ ಬಾಣ."

ಇದನ್ನು ಹೇಳಬಾರದಿತ್ತು.

"ಏನಂದಿ?" ಹುಸೇನಬೀ ಸೆರಗು ಕಟ್ಟಿದಳು. "ನನ್ನ ಜಗಳ ಆಕಿ ಜಗಳದಾಗ ಹುಟ್ಟಿತ? ನಾ ಆಕಿ ಸಲುವಾಗಿ ಬಾಯಿ ಮಾಡಿದ್ನೇನು? ನನ್ನ ಕೊಡ ತೆಗೆದು ಬಕೀಟು ಇಟ್ಟಿದ್ರು, ಅದಕ್ಕ ಮಾಡಿದ್ನಿ. ನನ್ನ ಜಗಳ ನಂದು! ಅದಕ್ಕ ಯಾರ ಅಪ್ಪಣಿನೂ ಬೇಕಾಗಿಲ್ಲ. ಒರಸು ಆ ಬಾಣ!"

"ಯಾಕ ಒರಸ್ತಾನ?" ಗೊಲ್ಲಾಳಮ್ಮನ ಗಿರಣಿ ಶುರುವಾಯಿತು. "ನಾ ಜಗಳ ಮಾಡೂಕಿಂತ ಮೊದಲು ನಿಮಗ ಯಾರಿಗಿತ್ತು ಬಾಯಿ? ನನ್ನ ನೋಡೇ ಎಲ್ಲರೂ ಕಲತೀರಿ!"

ಅಷ್ಟರಲ್ಲಿ ಗದ್ದಲ ಕೇಳಿ ಪರಿಮಳಾ ಬಂದಳು. ಫರಸಿ ನೋಡಿದಳು. ಕೆಳಗೆ, ಎಲ್ಲರಿಗಿಂತ ಕೆಳಗೆ, ತನ್ನ ಹೆಸರು. ಗಂಡನನ್ನು ನೋಡಿದಳು.

"ಊರ ಮಂದಿ ಎಲ್ಲಾ ತುಂಬಿಕೊಂಡ ಮ್ಯಾಲ ನಾನೇನ್ರಿ? ತಾಳಿ ಕಟ್ಟಿದಾಕಿ ಕಡಿಗೆ? ಹೊರಗಿನವರು ಹಾಕಿದ್ರ ಹಾಕ್ತಿದ್ರು, ನೀವ ಬರದೀರಲ್ಲ ನಿಮ್ಮ ಕೈಯಾರೆ!"

"ಪರಿಮಳಾ, ಅದು ಕಡೀದಲ್ಲ, ಉಪಸಂಹಾರ. ಪ್ರಬಂಧದಾಗ ಎಲ್ಲಾಕ್ಕಿಂತ ಮುಖ್ಯ ಜಾಗ ಅದು. ಓದಾವ್ರ ತಲ್ಯಾಗ ಉಳಿಯೋದು ಅದೊಂದ. ಮೊದಲ ಭಾಗ ಯಾರೂ ನೆನಪಿಡೋದಿಲ್ಲ."

ಹೆಂಡತಿಯ ಮುಖ ಸ್ವಲ್ಪ ಸಡಿಲವಾಯಿತು. ಮರಿಲಿಂಗ ಉಸಿರು ಬಿಡುವಷ್ಟರಲ್ಲಿ ಉಳಿದ ಮೂವರ ಮುಖ ಬಿಗಿಯಿತು.

"ಕೇಳಿದ್ರೇನ್ರೆವ್ವಾ?" ಎಂದಳು ಭೀಮಾಬಾಯಿ. "ಮುಖ್ಯ ಜಾಗ ಹೆಂಡ್ತಿಗೆ! ನಮಗ ಮುಂದ ನಿಲ್ಲಿಸಿ ಮರ್ಯಾದಿ ಕೊಟ್ಟಂಗ ಮಾಡ್ಯಾನ, ಒಳಗ ಹಕೀಕತ್ ಬ್ಯಾರೆ ಅದ!"

"ಮತ್ತ ನಂದು ಯಾರೂ ನೆನಪಿಡದ ಜಾಗಾನ?" ಗೊಲ್ಲಾಳಮ್ಮ ಕಾಲಿನಿಂದ ತನ್ನ ಕೊಡವನ್ನೇ ಸಾಲಿನ ಕೊನೆಗೆ ದೂಡಿದಳು. "ನನಗೂ ಉಪಸಂಹಾರ ಬೇಕು!"

ಹುಸೇನಬೀಯ ಕೊಡ ಅದರ ಹಿಂದೆ ಹೋಯಿತು. ಭೀಮಾಬಾಯಿಯದು ಅದರ ಹಿಂದೆ. ಪರಿಮಳಾ ಮನೆಗೆ ಓಡಿ ಎರಡು ಕೊಡ ತಂದು ಇನ್ನೂ ಹಿಂದೆ ಇಟ್ಟಳು. ಎಲ್ಲರೂ ಹಿಂದೆ ಹಿಂದೆ ಸರಿದು ಪಾಳಿ ನಳವನ್ನು ಬಿಟ್ಟು ಗೊಲ್ಲಾಳಮ್ಮನ ಗಿರಣಿಯ ಬಾಗಿಲು ಮುಟ್ಟಿತು. ಮರಿಲಿಂಗ ತಲೆಯ ಮೇಲೆ ಕೈ ಹೊತ್ತು ನಿಂತ. ಒಂದು ಸಮಾಧಾನವಿತ್ತು: ನೀರು ನಾಳೆ ಬರುವುದು, ಅಷ್ಟರಲ್ಲಿ ಹೇಗೋ ಇವರ ತಲೆ ತಣ್ಣಗಾದೀತು.

ಆ ಸಮಾಧಾನವೂ ಉಳಿಯಲಿಲ್ಲ. ನಳ ಗೊರ್ರೆಂದಿತು. ನೀರು ಬಿಡುವ ಸೂಗಪ್ಪ ಸೈಕಲ್ ಮೇಲೆ ಏದುಸಿರು ಬಿಡುತ್ತ ಬಂದ.

"ಬಿಟ್ನಿರಿ ಸರ, ಬಿಟ್ನಿ! ಮ್ಯಾಲಿಂದ ಹೊಸ ಪಾಳಿ ಬಂದದ ಅಂತ ಭೀಮಾಬಾಯಿ ಹೇಳಿ ಕಳಿಸಿದ್ಲು. ಸಾಹೇಬ್ರು ನೋಡಾಕ ಬಂದಾಗ ನಳ ಬಂದ್ ಇದ್ರ ನನ್ನ ನೌಕರಿ ಹೋಗ್ತದರಿ. ನಾಳಿನ ನೀರು ಇವತ್ತ ಬಿಟ್ನಿ. ಎಲ್ಲಿ ಅದಾರ ಸಾಹೇಬ್ರು?"

"ಯಾವ ಸಾಹೇಬ್ರೂ ಇಲ್ಲೋ ಮಾರಾಯ! ಬಂದ್ ಮಾಡು!"

"ಒಮ್ಮಿ ಬಿಟ್ಟ ಮ್ಯಾಲ ಟಾಕಿ ಖಾಲಿ ಆಗೂತನಾ ನಿಲ್ಲೂದಿಲ್ಲರಿ. ಆ ವಾಲ್ವ್ ಕೆಟ್ಟು ಆರು ತಿಂಗಳಾತು," ಎಂದ ಸೂಗಪ್ಪ, ಬಹಳ ಸಮಾಧಾನದಿಂದ.

ಬಂತು ನೀರು. ತೊಡೆ ಗಾತ್ರದ ಧಾರೆ. ವರ್ಷದಲ್ಲಿ ಎಂದೂ ಅಷ್ಟು ಜೋರಾಗಿ ಬಂದಿರಲಿಲ್ಲ. ಈಗ ಓಡಿ ಬಂದು ಕೊಡ ಒಡ್ಡಬೇಕಲ್ಲವೇ? ಒಡ್ಡಲಿಲ್ಲ. ಗೊಲ್ಲಾಳಮ್ಮ ಒಡ್ಡಲು ಹೋದರೆ ಹುಸೇನಬೀ ಆಕೆಯ ರಟ್ಟೆ ಹಿಡಿದಳು, ಹುಸೇನಬೀ ಮುಂದಾದರೆ ಭೀಮಾಬಾಯಿ ಅಡ್ಡ ನಿಂತಳು, ಭೀಮಾಬಾಯಿಯ ಸೆರಗು ಪರಿಮಳಾಳ ಕೈಯಲ್ಲಿತ್ತು. ಒಬ್ಬರಿಗೂ ನೀರು ಬೇಡವಾಗಿರಲಿಲ್ಲ. ಇನ್ನೊಬ್ಬರಿಗೆ ಮೊದಲು ಸಿಗಬಾರದು, ಅಷ್ಟೇ. ನೀರು ನಿಶ್ಚಿಂತೆಯಿಂದ ಚರಂಡಿ ಸೇರುತ್ತಿತ್ತು. ಮರಿಲಿಂಗ ಕಣ್ಣಾರೆ ಕಂಡ: ತಾನು ಮೇಲೆ ಬರೆದ ಉತ್ತರ ನೂರಕ್ಕೆ ನೂರು ನಿಜ. ಅದರಿಂದ ಅವನಿಗೆ ಸಂತೋಷವೇನೂ ಆಗಲಿಲ್ಲ, ಮೈ ಇನ್ನಷ್ಟು ಉರಿಯಿತು.

"ನಿಲ್ಲಸ್ರಿ!" ಎಂದು ಕೂಗಿದ. ಅಂಗಿ ತೊಯ್ಯುವುದನ್ನೂ ಲೆಕ್ಕಿಸದೆ ನೀರಿಗೆ ನುಗ್ಗಿ ಚೌಕಗಳನ್ನೆಲ್ಲ ತೋಳಿನಿಂದ ಒರೆಸಿದ. ಅವುಗಳ ಜಾಗದಲ್ಲಿ ಬಳೆಯಂಥ ದೊಡ್ಡದೊಂದು ಗುಂಡು ಎಳೆದು, ಅದರ ಸುತ್ತ ನಾಲ್ವರ ಹೆಸರು ಬರೆದ. ಬಾಣಗಳನ್ನು ಒಂದರ ಬೆನ್ನಿಗೊಂದು ತಿರುಗಿಸಿದ. "ನೋಡ್ರಿ! ಇದರಾಗ ಮೊದಲಿಲ್ಲ, ಕಡಿ ಇಲ್ಲ. ಎಲ್ಲರೂ ಬರೋಬರಿ. ಎಲ್ಲಾ ಜಗಳದಿಂದ ಎಲ್ಲಾ ಜಗಳ ಹುಟ್ಯಾವ. ಆತಿಲ್ಲ?"

ನಾಲ್ವರೂ ಸುಮ್ಮನಾದರು. ಮೊದಲ ಸಲ. ಕೊಡಗಳನ್ನು ತಂದು ನಳದ ಸುತ್ತ ಗುಂಡಗೆ ಇಟ್ಟರು. ಮರಿಲಿಂಗ ಗಡಬಡಿಸಿ ಫೋನು ತೆಗೆದು ಫೋಟೋ ಹೊಡೆದುಕೊಂಡ. ಫರಸಿಯೂ ಬಂತು, ಕೊಡಗಳೂ ಬಂದವು, ತಲೆ ಬಾಗಿ ನಿಂತ ನಾಲ್ವರೂ ಬಂದರು. ನೋಡಿದವರಿಗೆ ಪೂಜೆ ನಡೆದಂತೆ ಕಾಣಬೇಕು, ಅಷ್ಟು ಶಾಂತ.

"ಸರ," ಎಂದಳು ಭೀಮಾಬಾಯಿ ಮೆಲ್ಲಗೆ, "ಈ ಗುಂಡಿನಾಗ ಮೊದಲು ಯಾವ ಕೊಡ ತುಂಬಬೇಕ್ರಿ?"

ಮತ್ತೆ ಶುರುವಾಯಿತು. ಈ ಸಲ ಕೊಡಗಳೂ ಮಾತಾಡಿದವು, ಹಿತ್ತಾಳೆ ಸ್ಟೀಲಿಗೆ ಬಡಿದು. ಅದರ ನಡುವೆ ನಳ ಒಂದೆರಡು ಸಲ ಬಿಕ್ಕಿ ನಿಂತೇಹೋಯಿತು. ಟಾಕಿ ಖಾಲಿ. ಓಣಿಯ ನೀರೆಲ್ಲ ಚರಂಡಿ ಪಾಲು, ಒಂದು ಕೊಡದಲ್ಲೂ ಚೊಂಬು ನೀರಿಲ್ಲ. ಬಹಳ ದಿನಗಳ ನಂತರ ಓಣಿಯ ಹೆಂಗಸರಲ್ಲಿ ಒಗ್ಗಟ್ಟು ಮೂಡಿತು. ನಾಲ್ವರೂ ಒಟ್ಟಿಗೆ ಮರಿಲಿಂಗನ ಕಡೆ ತಿರುಗಿದರು. ಮರಿಲಿಂಗ ಅವರ ಮುಖ ನೋಡಿದ, ಗಡಿಯಾರ ನೋಡಿದ, ಬಸ್ ನಿಲ್ದಾಣದ ದಿಕ್ಕಿಗೆ ಓಟ ಕಿತ್ತ.

ಬಸ್ಸು ಭೀಮಾ ನದಿಯ ಸೇತುವೆ ದಾಟುವಾಗ ಹೆಂಡತಿಯ ಫೋನು ಬಂತು. "ಮನ್ಯಾಗ ಕುಡಿಯಾಕ ಹನಿ ನೀರಿಲ್ಲ. ಗೊಲ್ಲಾಳಮ್ಮ ಬಾಗಲದಾಗ ಕುಂತಾಳ, ನೀವು ಬರೂತನಾ ಏಳೂದಿಲ್ಲಂತ. ನಕ್ಷಿ ಕೊಟ್ಟು ನೌಕರಿ ಗಟ್ಟಿ ಮಾಡ್ಕೊಂಡ ಬಂದ್ರ ಬರ್ರಿ. ಇಲ್ಲಂದ್ರ ಅಲ್ಲೇ ಇರ್ರಿ."

ಯಾದಗಿರಿಯಲ್ಲಿ ವಿಶ್ವರಾಧ್ಯ ಸರ್ ಪಡಸಾಲೆಯಲ್ಲಿ ಶತಪಥ ಹಾಕುತ್ತಿದ್ದರು. ಅವರ ಮುಖವೂ ಕೆಂಪಗಿತ್ತು. ಕೈ ಚಾಚಿದರು. ಮರಿಲಿಂಗ ಫೋನು ಕೊಟ್ಟ. ಸರ್ ಫೋಟೋವನ್ನು ದೊಡ್ಡದು ಮಾಡಿ ಪ್ರಶ್ನೆ ಓದಿದರು, ಉತ್ತರ ಓದಿದರು, ಗುಂಡನ್ನು ನೋಡಿದರು, ತಲೆ ಬಾಗಿಸಿ ನಿಂತ ಹೆಂಗಸರನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು.

"ಭೇಷ್!" ಎಂದರು. "ಇದು ನಕ್ಷಿ ಅಂದ್ರ! ಪ್ರಶ್ನಿ ಅದ, ಉತ್ತರ ಅದ, ಸಾಕ್ಷಿ ಕಣ್ಣ ಮುಂದ ನಿಂತದ. ಪಾಳಿ ಸಲುವಾಗಿ ಜಗಳ ಆಡಾವ್ರನ್ನ ಹಿಂಗ ಸುಮ್ಮ ನಿಲ್ಲಿಸಿದಾವ ನನ್ನ ಸರ್ವಿಸಿನಾಗ ನೀನೊಬ್ಬನ."

ಬೆಳಗಿನಿಂದ ಮೊದಲ ಬಾರಿಗೆ ಮರಿಲಿಂಗನ ಸಿಟ್ಟು ಇಳಿಯಿತು. ಫೋಟೋ ಹೊಡೆದ ಮೇಲೆ ಏನಾಯಿತೆಂದು ಸರ್ ಕೇಳಲಿಲ್ಲ, ಅವನೂ ಹೇಳಲಿಲ್ಲ. "ಹಂಗಾರ ಬರೀಲೇನ್ರಿ ಸರ? ಒಂದು ವಾರದಾಗ ಮುಗಸ್ತೀನಿ."

"ಬರೀಬ್ಯಾಡ."

"ಯಾಕ್ರಿ?"

ಸರ್ ಕುರ್ಚಿಯಲ್ಲಿ ಕುಸಿದರು. "ಏನು ಹೇಳ್ಲಿಪಾ. ಸಂಪುಟದಾಗ ಹತ್ತು ಪ್ರಬಂಧ ಅದಾವ. ಯಾರ ಪ್ರಬಂಧ ಮೊದಲು ಬರಬೇಕು ಅಂತ ಎರಡು ತಿಂಗಳಿಂದ ಹೊಡದಾಡಾಕತ್ತಾರ. ಒಬ್ಬ ಪ್ರೊಫೆಸರ್ ತನಗ ವಯಸ್ಸಾಗ್ಯಾದ ಅಂತಾನ, ಒಬ್ಬ ತನಗ ಡಾಕ್ಟರೇಟ್ ಮೊದಲು ಬಂತು ಅಂತಾನ. ಇವತ್ತು ಬೆಳಿಗ್ಗಿಂದ ಮೂರು ಮಂದಿ ಫೋನ್ ಹಚ್ಚಿ ನನಗ ಬೈದಾರ. ಆ ಸಿಟ್ಟಿನಾಗ ನಿನಗ ನಾ ಫೋನ್ ಮಾಡಿದ್ದು. ಈಗ ದಾರಿ ಸಿಕ್ತು. ಆ ಹತ್ತು ಪ್ರಬಂಧದ ಪಾಳಿ ನೀ ಹಚ್ಚು. ಯಾರರ ಕೇಳಿದ್ರ ಮರಿಲಿಂಗ ಹಚ್ಯಾನ ಅಂತ ಹೇಳ್ತೀನಿ."

"ನಾನೇನ್ರಿ? ಮತ್ತ ನನ್ನ ಪ್ರಬಂಧ?"

"ನಿನ್ನ ಪ್ರಬಂಧ ಇದ್ರ ನಿನಗೂ ಒಂದು ಜಾಗ ಬೇಕಾಗ್ತದ. ಪಾಳ್ಯಾಗ ನಿಂತಾವ ಪಾಳಿ ಹಚ್ಚಬಾರದಪಾ. ನಿಂದು ಇಲ್ಲ ಅಂತನ ನಿನ್ನ ಮಾತು ನಡೀತದ."

"ಸರ, ಪ್ರಬಂಧ ಇಲ್ಲಂದ್ರ ನನ್ನ ಇಂಟರ್‌ವ್ಯೂಕ್ಕ ಕರಿಯೂದಿಲ್ಲರಿ. ನೌಕರಿ ಹೋಗ್ತದರಿ. ಮನಿಗೆ ಹೋಗೂಹಂಗಿಲ್ಲರಿ."

"ಅದಕ್ಕ ಚಿಂತಿ ಮಾಡಬ್ಯಾಡ," ಎಂದು ಸರ್ ಅವನ ತೊಯ್ದ ಹೆಗಲು ತಟ್ಟಿದರು. "ಪ್ರಬಂಧ ಇರಲಿಕ್ಕಂದ್ರೂ ನಿನ್ನ ಕರಸ್ತೀನಿ, ಅದು ನನ್ನ ಜವಾಬ್ದಾರಿ. ಇಂಟರ್‌ವ್ಯೂ ಕಮಿಟ್ಯಾಗ ಕುಂಡ್ರಾವ್ರು ಯಾರು ಅಂತಿ? ಈ ಸಂಪುಟದಾಗ ಬರದವರ. ಎಲ್ಲಾ ನಮ್ಮವರ."

ಮರಿಲಿಂಗ ಸ್ವಲ್ಪ ಲೆಕ್ಕ ಹಾಕಿದ. ಪಾಳಿ ಹಚ್ಚಿದರೆ ಎಲ್ಲರೂ ಹಲ್ಲು ಕಡಿಯುತ್ತಾರೆ, ನಿಜ. ಆದರೆ ಮೊದಲ ಜಾಗ ಸಿಕ್ಕವನೊಬ್ಬನಾದರೂ ತನ್ನ ಪರ ನಿಲ್ಲುತ್ತಾನಲ್ಲ! ಅವರಲ್ಲಿ ದೊಡ್ಡ ಗಂಟಲಿನವನನ್ನು ನೋಡಿ ಮೊದಲು ಹಾಕಿಬಿಟ್ಟರೆ ಆಯಿತು.

"ಆಗಲ್ರಿ ಸರ," ಎಂದ. "ಹಚ್ತೀನಿ. ಕಮಿಟ್ಯಾಗ ಎಲ್ಲಾರಕಿಂತ ಯಾರ ಮಾತು ಜಾಸ್ತಿ ನಡೀತದ ಅಷ್ಟು ಹೇಳ್ರಿ. ಅವರದ ಮೊದಲು ಹಾಕ್ತೀನಿ."

"ಏ, ಮೊದಲಿನ ಜಾಗ ಮುಟ್ಟಬ್ಯಾಡಪಾ. ಅಲ್ಲಿ ನಂದು ಹಾಕು. ನಾ ಸಂಪಾದಕ, ನಂದ ಮೊದಲು ಇರಬೇಕು. ಉಳಿದ ಒಂಬತ್ತು ಮಂದೀನ ಆಮ್ಯಾಲ ಹೆಂಗರ ಹಚ್ಚು."

"ನೀವು ಕಮಿಟ್ಯಾಗ ಅದೀರಲ್ರಿ ಸರ?"

"ನಾ ಎಲ್ಲಿ ಇರ್ತೀನೋ? ಹ್ವಾದ ವರ್ಷನ ರಿಟೈರ್ ಆಗೀನಿ," ಎಂದರು ವಿಶ್ವರಾಧ್ಯ ಸರ್. "ಕಮಿಟ್ಯಾಗ ಇರೂದು ಆ ಒಂಬತ್ತು ಮಂದಿ."